ಓದುಗರ ಪ್ರಶ್ನೆ – ನಮ್ಮ ಉತ್ತರ: ದೊಡ್ಡ ಎಂಜಿನ್ ಎಬ್ಬಿಸುತ್ತಿದ್ದ ಸಣ್ಣ ಎಂಜಿನ್

ಮಲಪ್ರಭಾ ಬಲದಂಡೆ ಕಾಲುವೆಯ ಮಣ್ಣುಕೆಲಸದ ಕ್ಯಾಂಪಿಗೆ ನಾನು ಹೆಲ್ಪರ್ ಆಗಿ ಸೇರಿದ 1970ರ ದಶಕದ ದಿನಗಳ ಕುರಿತು ಕಳೆದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆ. ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ಟುಗಳ ರಿಪೇರಿಯ ಪ್ರಶ್ನೆಗಳಿಗಾಗಿ ಇರುವ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಬುಲ್ಡೋಜರುಗಳನ್ನೂ ಅವನ್ನು ನಡೆಸಿದವರನ್ನೂ ಕುರಿತೇ ಇವೆ. ಪಂಪ್‌ಸೆಟ್ಟಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ತಂದೆಯವರು ಕಾಲುವೆ ಕೆಲಸದಲ್ಲಿ ಡೋಜರ್ ಆಪರೇಟರ್ ಆಗಿದ್ದರು. ದೊಡ್ಡ ಎಂಜಿನ್ ಚಾಲೂ ಮಾಡಬೇಕಾದರೆ ಮೊದಲು ಅದರ ಪಕ್ಕದ ಸಣ್ಣ ಎಂಜಿನ್ ಚಾಲೂ ಮಾಡಬೇಕಿತ್ತು ಎಂದು ಅವರು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಇದು ನಿಜವೇ? ನಿಜವಾದರೆ ಅಂಥ ಸುತ್ತುದಾರಿ ಏಕೆ ಬೇಕಾಗಿತ್ತು?
— ಓದುಗರೊಬ್ಬರು, ನರಗುಂದ

ಉತ್ತರ: ನಿಮ್ಮ ತಂದೆಯವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕ್ಯಾಟರ್‌ಪಿಲ್ಲರ್ ಕಂಪನಿಯ ಹಳೆಯ ಡಿ-4, ಡಿ-6, ಡಿ-7, ಡಿ-8 ಯಂತ್ರಗಳಲ್ಲಿ ಡೀಸೆಲ್ ಎಂಜಿನ್ನಿಗೆ ಅಂಟಿಕೊಂಡಂತೆ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಒಂದು ಇರುತ್ತಿತ್ತು. ಕಂಪನಿಯ ಪುಸ್ತಕದಲ್ಲಿ ಅದಕ್ಕೆ ಸ್ಟಾರ್ಟಿಂಗ್ ಎಂಜಿನ್ ಎಂದು ಹೆಸರು; ಅನ್ಯ ಊರುಗಳಿಂದ ಬಂದ ಆಪರೇಟರುಗಳು ಅದನ್ನು ಪೋನಿ, ಅಂದರೆ ತಟ್ಟುಕುದುರೆ, ಎನ್ನುತ್ತಿದ್ದರು; ನಮ್ಮ ಕ್ಯಾಂಪಿನ ಹುಡುಗರ ಬಾಯಲ್ಲಿ ಅದು ಬರೀ ‘ಸಣ್ಣದು’. ‘ಸಣ್ಣದು ಎದ್ದೈತೇನ?’ ಎಂದು ಮೇಸ್ತ್ರಿ ಬೆಳಗಿನಲ್ಲಿ ಕೂಗಿದರೆ ಯಾರೂ ಮಗುವಿನ ಬಗ್ಗೆ ಕೇಳುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ.

ಸುತ್ತುದಾರಿಗೆ ಕಾರಣವಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಅಷ್ಟು ದೊಡ್ಡ ಸಿಲಿಂಡರುಗಳಲ್ಲಿ ತಣ್ಣನೆಯ ಗಾಳಿಯನ್ನು ಆ ಮಟ್ಟಕ್ಕೆ ಒತ್ತಿ ತಿರುಗಿಸುವುದು ಮನುಷ್ಯನ ಕೈಯಿಂದ ಆಗದ ಮಾತು, ಮತ್ತು ಕ್ಯಾಟರ್‌ಪಿಲ್ಲರ್ ತನ್ನ ಮೊದಲ ಡೀಸೆಲ್ ಯಂತ್ರವನ್ನು ಮಾರುಕಟ್ಟೆಗೆ ತಂದ 1931ರ ಸುಮಾರಿನಲ್ಲಿ ಆ ಭಾರ ಹೊರುವಂಥ ಬ್ಯಾಟರಿಯನ್ನು ನಂಬಿ ಊರಿನಿಂದ ದೂರದ ಅಡವಿಗೆ ಹೋಗುವಂತಿರಲಿಲ್ಲ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡಲು, ತಿರುಗಿದಾಗ ತಾನೇ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ಇದ್ದುದರಿಂದ ಬ್ಯಾಟರಿಯ ಹಂಗೇ ಇರಲಿಲ್ಲ. ಜೊತೆಗೆ ಎರಡೂ ಎಂಜಿನ್ನುಗಳಿಗೆ ಹರಿಯುವ ನೀರು ಒಂದೇ ಆಗಿದ್ದು, ಸಣ್ಣದರ ಹೊಗೆಯ ಕಾವು ದೊಡ್ಡದರ ಗಾಳಿ ಕೊಳವೆಯನ್ನು ಬಿಸಿ ಮಾಡುವಂತೆ ಜೋಡಿಸಿದ್ದರಿಂದ, ಸಣ್ಣದು ಐದಾರು ನಿಮಿಷ ಓಡುವಷ್ಟರಲ್ಲಿ ದೊಡ್ಡದರ ಮೈ ಬೆಚ್ಚಗಾಗಿರುತ್ತಿತ್ತು.

ಕ್ರಮ ಹೀಗಿತ್ತು. ಪೆಟ್ರೋಲಿನ ನಲ್ಲಿಯನ್ನು ತೆರೆದು, ಚೋಕ್ ಎಳೆದು, ಹ್ಯಾಂಡಲ್ ಹಾಕಿ ಸಣ್ಣದನ್ನು ಎಬ್ಬಿಸಬೇಕು. ಅದು ಹದಕ್ಕೆ ಬಂದ ಮೇಲೆ ದೊಡ್ಡ ಎಂಜಿನ್ನಿನ ಕಂಪ್ರೆಶನ್ ಲಿವರನ್ನು ಬಿಡುಗಡೆಯ ಕಡೆಗೆ ತಳ್ಳಿ, ಎಂದರೆ ವಾಲ್ವುಗಳು ತೆರೆದೇ ಇರುವಂತೆ ಮಾಡಿ, ಸಣ್ಣದರ ಹಲ್ಲುಚಕ್ರವನ್ನು ದೊಡ್ಡದರ ಫ್ಲೈವೀಲಿಗೆ ಕೂಡಿಸಿ, ಕ್ಲಚ್ ಲಿವರನ್ನು ಮೆಲ್ಲಗೆ ಹಿಡಿಸಬೇಕು. ದೊಡ್ಡದು ಒತ್ತಡವಿಲ್ಲದೆ ಸುಮ್ಮನೆ ತಿರುಗುತ್ತದೆ. ಆಯಿಲ್ ಗೇಜಿನ ಮುಳ್ಳು ಏರುವವರೆಗೆ ಹಾಗೆಯೇ ತಿರುಗಲು ಬಿಡಬೇಕು. ಮುಳ್ಳು ಎದ್ದ ಮೇಲೆ ಕಂಪ್ರೆಶನ್ ಹಾಕಿದರೆ ಸಣ್ಣದು ಒಮ್ಮೆ ನರಳುತ್ತದೆ, ಆಗ ಡೀಸೆಲ್ ಬಿಡಬೇಕು. ದೊಡ್ಡದು ಹೊತ್ತಿಕೊಂಡು ವೇಗ ಹಿಡಿದ ಕ್ಷಣದಲ್ಲಿ ಹಲ್ಲುಚಕ್ರ ತಾನಾಗಿ ಸಿಡಿದು ಹಿಂದೆ ಸರಿಯುತ್ತದೆ. ಕೊನೆಗೆ ಸಣ್ಣದನ್ನು ಗುಂಡಿ ಒತ್ತಿ ನಿಲ್ಲಿಸದೆ, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರ್ ಬರಿದಾಗಿ ತಾನೇ ನಿಲ್ಲುವಂತೆ ಬಿಡಬೇಕು. ಇಲ್ಲವಾದರೆ ಉಳಿದ ಪೆಟ್ರೋಲ್ ಸೋರಿ ಕೆಳಗಿನ ಆಯಿಲಿಗೆ ಇಳಿಯುತ್ತದೆ. ನಾನು ಸೇರಿದ ಮೊದಲ ವಾರದಲ್ಲಿ ಈ ಕೊನೆಯ ಕೆಲಸವನ್ನು ಮರೆತು ಮರುದಿನ ಸಣ್ಣದರ ಆಯಿಲ್ ಪೂರ್ತಿ ಬದಲಿಸುವ ಶಿಕ್ಷೆಯನ್ನು ಅನುಭವಿಸಿದ್ದೇನೆ.

ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಪಾಠವಿತ್ತು. ‘ತಮ್ಮಾ, ಹೆಬ್ಬಟ್ಟು ಬ್ಯಾರೆ ಕಡೆ ಇಡಬ್ಯಾಡ, ಐದೂ ಬಟ್ಟು ಒಂದ ಕಡೆ ಇರಲಿ, ತಿರುಗಿ ಹೊಡದ್ರ ಕೈ ಹೊಕ್ಕೈತಿ’ ಎಂದು ಹೇಳಿಕೊಟ್ಟವರ ಬಲಗೈಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಆದ್ದರಿಂದ ಪಾಠ ಎರಡನೆಯ ಸಲ ಕೇಳುವ ಅಗತ್ಯ ಬೀಳಲಿಲ್ಲ.

ಎಲ್ಲ ಕಂಪನಿಗಳೂ ಈ ದಾರಿ ಹಿಡಿಯಲಿಲ್ಲ. ಇಂಟರ್‌ನ್ಯಾಶನಲ್ ಹಾರ್ವೆಸ್ಟರ್‌ನ ಟಿಡಿ ಸರಣಿಯ ಯಂತ್ರಗಳಲ್ಲಿ ಎರಡನೆಯ ಎಂಜಿನ್ನೇ ಇರಲಿಲ್ಲ: ಅದೇ ದೊಡ್ಡ ಎಂಜಿನ್ ಮೊದಲು ಪ್ಲಗ್ ಮತ್ತು ಪೆಟ್ರೋಲಿನಿಂದ ಓಡಿ, ಬಿಸಿಯಾದ ಮೇಲೆ ಒಂದು ಲಿವರ್ ತಿರುಗಿಸಿದರೆ ಡೀಸೆಲಿಗೆ ಹೊರಳುತ್ತಿತ್ತು. ಜಾಣತನದ ರಚನೆ, ಆದರೆ ರಿಪೇರಿ ಮಾಡುವವನಿಗೆ ತಲೆನೋವು. ನನ್ನ ಒಲವು ಇಂದಿಗೂ ‘ಸಣ್ಣದರ’ ಕಡೆಗೇ ಇದೆ.

ಮೊಮ್ಮಕ್ಕಳಿಗೆ ಇನ್ನೊಂದು ಮಾತು ಹೇಳಿ. ಡಿಸೆಂಬರಿನ ಥಂಡಿಯಲ್ಲಿ, ನವಲಗುಂದದ ಬಯಲಿನಲ್ಲಿ ಇನ್ನೂ ಬೆಳಕು ಹರಿಯದಿದ್ದಾಗ, ಸಾಲಾಗಿ ನಿಂತ ನಾಲ್ಕು ಯಂತ್ರಗಳ ಸಣ್ಣ ಎಂಜಿನ್ನುಗಳು ಒಂದಾದ ಮೇಲೊಂದು ಚಿರುಗುಟ್ಟಲು ತೊಡಗಿದಾಗ, ಯಾವ ಯಂತ್ರದ ಬಳಿ ಯಾರು ನಿಂತಿದ್ದಾರೆಂಬುದು ಡೇರೆಯೊಳಗೆ ಮಲಗಿದ್ದವರಿಗೆ ಶಬ್ದದಿಂದಲೇ ತಿಳಿಯುತ್ತಿತ್ತು. ಅವಸರದವನು ಗೇಜು ಏಳುವುದಕ್ಕೆ ಮೊದಲೇ ಕಂಪ್ರೆಶನ್ ಹಾಕಿಬಿಡುತ್ತಿದ್ದ. ನಿಧಾನಸ್ಥನು ಬೀಡಿ ಮುಗಿಯುವವರೆಗೆ ತಿರುಗಿಸುತ್ತಿದ್ದ. ನಿಧಾನಸ್ಥನ ಯಂತ್ರದ ಬೇರಿಂಗುಗಳು ಹೆಚ್ಚು ವರ್ಷ ಬಾಳಿದವು.

ಪ್ರಶ್ನೆ: ನಮ್ಮ ಮನೆಯಲ್ಲಿರುವ ಹಳೆಯ ಫೋಟೋ ಒಂದರಲ್ಲಿ ಬುಲ್ಡೋಜರಿನ ತಲೆಯ ಮೇಲಿನಿಂದ ತಂತಿಗಳು ಹಾಯ್ದು ಮುಂದಿನ ಬ್ಲೇಡಿಗೆ ಇಳಿದಿವೆ. ಅವು ಏನು? ವಿದ್ಯುತ್ ತಂತಿಗಳೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ವಿದ್ಯುತ್ತಿಗೂ ಅವಕ್ಕೂ ಸಂಬಂಧವಿಲ್ಲ, ಅವು ಬ್ಲೇಡ್ ಎತ್ತುವ ವೈರ್ ರೋಪುಗಳು. ಹೈಡ್ರಾಲಿಕ್ ಜಾಕುಗಳು ಬಳಕೆಗೆ ಬರುವ ಮೊದಲು ಎಂಜಿನ್ನಿನಿಂದ ತಿರುಗುವ ಒಂದು ಡ್ರಮ್ಮಿಗೆ ವೈರ್ ರೋಪ್ ಸುತ್ತಿ, ಗಾಲಿಗಳ ಮೇಲೆ ಹಾಯಿಸಿ ಬ್ಲೇಡಿಗೆ ಕಟ್ಟಿರುತ್ತಿದ್ದರು. ಬಾವಿಯ ರಾಟೆಯನ್ನು ನೆನಪಿಸಿಕೊಂಡರೆ ಸಾಕು. ಲಿವರ್ ಎಳೆದರೆ ಡ್ರಮ್ ಸುತ್ತಿಕೊಂಡು ಬ್ಲೇಡ್ ಏಳುತ್ತದೆ, ಬಿಟ್ಟರೆ ಬ್ಲೇಡ್ ತನ್ನ ಭಾರಕ್ಕೆ ತಾನು ಬೀಳುತ್ತದೆ.

ರಾಟೆಯ ಕೊರತೆಯೇ ಇದರ ಕೊರತೆಯೂ ಆಗಿತ್ತು. ಹಗ್ಗದಿಂದ ಎಳೆಯಬಹುದು, ಒತ್ತಲಾಗುವುದಿಲ್ಲ. ಗಟ್ಟಿ ಗರಸು ನೆಲದ ಮೇಲೆ ಬ್ಲೇಡ್ ಕಚ್ಚದೆ ಸುಮ್ಮನೆ ಜಾರಿಕೊಂಡು ಹೋಗುತ್ತಿತ್ತು. ಮೊದಲು ರಿಪ್ಪರಿನಿಂದ ನೆಲ ಸೀಳಿಸಬೇಕು, ಇಲ್ಲವೇ ಆಪರೇಟರ್ ಬ್ಲೇಡಿನ ಒಂದು ಮೂಲೆಯನ್ನು ಹಳೆಯ ಗುಂಡಿಯ ಅಂಚಿಗೆ ಸಿಕ್ಕಿಸಿ ಅಲ್ಲಿಂದ ಮಣ್ಣನ್ನು ಬಿಡಿಸಿಕೊಂಡು ಬರಬೇಕು. ಹೈಡ್ರಾಲಿಕ್ ಯಂತ್ರ ನಮ್ಮ ಕ್ಯಾಂಪಿಗೆ ಬಂದ ದಿನ ಅದರ ಆಪರೇಟರ್ ಗಟ್ಟಿ ನೆಲದ ಮೇಲೆ ಬ್ಲೇಡನ್ನು ಒತ್ತಿಹಿಡಿದಾಗ ಯಂತ್ರದ ಮೂತಿಯೇ ನೆಲ ಬಿಟ್ಟು ಮೇಲೆದ್ದಿತು. ಹಳೆಯ ಯಂತ್ರದವರು ನೀರು ಕುಡಿಯುವ ನೆಪದಲ್ಲಿ ಬಂದು ನೋಡಿ ಹೋದರು.

ವೈರ್ ರೋಪಿನ ಇನ್ನೊಂದು ಗುಣವನ್ನೂ ಹೇಳಬೇಕು. ಗಾಲಿಯ ಮೇಲೆ ಬಾಗಿ ಬಾಗಿ ಅದರ ಎಳೆಗಳು ಒಂದೊಂದಾಗಿ ಹರಿದು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ನಮ್ಮ ಜೊತೆಯ ಹೆಲ್ಪರ್ ಒಬ್ಬನ ಕೈಗವಸು ಆ ಮುಳ್ಳಿಗೆ ಸಿಕ್ಕು, ಕೈ ಗಾಲಿಯೊಳಗೆ ಎಳೆದುಕೊಂಡು ಎರಡು ಬೆರಳು ಹೋದವು. ಗುತ್ತಿಗೆದಾರರು ಅವನಿಗೆ ಊರಿಗೆ ಹೋಗುವ ಬಸ್ ಚಾರ್ಜು ಕೊಟ್ಟು ಕಳಿಸಿದರು. ಆಮೇಲೆ ನಮ್ಮ ಕ್ಯಾಂಪಿನಲ್ಲಿ ಯಾರೂ ರೋಪಿನ ಬಳಿ ಕೈಗವಸು ತೊಡಲಿಲ್ಲ.

ಪ್ರಶ್ನೆ: ಮಣ್ಣು ತೆಗೆಯುವ ಯಂತ್ರಗಳೆಲ್ಲ ಹಳದಿ ಬಣ್ಣದವೇ ಏಕೆ? ಏಳನೆಯ ತರಗತಿಯ ಮಕ್ಕಳು ಕೇಳಿದ್ದಾರೆ.
— ಶಿಕ್ಷಕಿ, ಹಾವೇರಿ

ಉತ್ತರ: ಕ್ಯಾಟರ್‌ಪಿಲ್ಲರ್ ಯಂತ್ರಗಳು ಮೊದಲು ಬೂದು ಬಣ್ಣದವಾಗಿದ್ದವು. ರಸ್ತೆ ಕೆಲಸದಲ್ಲಿ ದೂರದಿಂದಲೇ ಕಾಣಬೇಕೆಂದು ಆ ಕಂಪನಿ 1931ರ ಕೊನೆಯಲ್ಲಿ ಹಳದಿಗೆ ಬದಲಾಯಿತು, ಉಳಿದ ಹಲವರು ಹಿಂದೆ ಬಂದರು. ನಮ್ಮ ಎರೆ ಹೊಲದಲ್ಲಿ ಒಂದು ತಿಂಗಳು ದುಡಿದ ಮೇಲೆ ಯಾವ ಬಣ್ಣವೂ ಉಳಿಯುತ್ತಿರಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿರಿ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎರೆ ಮಣ್ಣಿನಲ್ಲಿ ಕಾಲುವೆ ಮಾಡುವುದು ಕಷ್ಟವೆಂದು ಪಾಠದಲ್ಲಿ ಬಂದಿದೆ. ಹಳೆಯ ಯಂತ್ರಗಳಿಂದ ಆ ಕೆಲಸವನ್ನು ಹೇಗೆ ಮಾಡಿದಿರಿ? ಕಾಲುವೆಗಾಗಿ ಮಣ್ಣು ಅಗೆದು ಮತ್ತೆ ಬೇರೆ ಕಡೆಯಿಂದ ಗರಸು ತಂದು ಹಾಕಿದ್ದೇಕೆ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಅರಿಯದೆ ಮೊದಲನೆಯದು ಅರ್ಥವಾಗುವುದಿಲ್ಲ. ನವಲಗುಂದ, ನರಗುಂದ, ರೋಣ ಭಾಗದ ಎರೆ ಮಣ್ಣು ನೀರು ಕುಡಿದರೆ ಊದುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಬಿದ್ದ ಪಾನಾ ಮರಳಿ ಸಿಗುತ್ತಿರಲಿಲ್ಲ ಎಂಬುದು ಉತ್ಪ್ರೇಕ್ಷೆಯಲ್ಲ, ಎರಡು ಪಾನಾಗಳ ಹಣ ನನ್ನ ಸಂಬಳದಲ್ಲಿ ಮುರಿದಿದೆ. ಇಂಥ ಮಣ್ಣಿನ ಮೇಲೆ ನೇರವಾಗಿ ಕಲ್ಲು ಅಥವಾ ಕಾಂಕ್ರೀಟಿನ ಹಾಸು ಹಾಕಿದರೆ, ಕಾಲುವೆಗೆ ನೀರು ಬಿಟ್ಟ ಮೇಲೆ ಹಿಂದಿನ ಮಣ್ಣು ಊದಿ ಹಾಸನ್ನು ಒಳಕ್ಕೆ ದಬ್ಬುತ್ತದೆ. ನೀರು ನಿಂತ ಮೇಲೆ ಕುಗ್ಗಿ ಹಾಸಿನ ಹಿಂದೆ ಪೊಳ್ಳು ಮಾಡುತ್ತದೆ. ಎರಡು ಮೂರು ಸಲ ಹೀಗಾದರೆ ಹಾಸು ಒಡೆಯುವುದು ಖಂಡಿತ. ಅದಕ್ಕಾಗಿ ಎರೆ ಮಣ್ಣಿಗೂ ಹಾಸಿಗೂ ನಡುವೆ ಊದದ, ಆದರೆ ಹಿಡಿತವುಳ್ಳ ಮಣ್ಣಿನ ಒಂದು ದಪ್ಪ ಪದರ ಹಾಕಿ ದಮ್ಮಸು ಮಾಡುವ ವಿಧಾನ ಬಂದಿತು. ಆ ಗರಸು ಬೇಕೆಂದೇ ಮಸಾರಿ ನೆಲದ ದಿಬ್ಬಗಳನ್ನು ಹುಡುಕಿಕೊಂಡು ಲಾರಿಗಳು ಹೋಗುತ್ತಿದ್ದವು. ನಿಮ್ಮ ಪ್ರಾಧ್ಯಾಪಕರು ಇದರ ಸಿದ್ಧಾಂತವನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಅದನ್ನು ನೆಲದ ಮೇಲೆ ಹರವಿದ್ದು ಮಾತ್ರ ನಾವು.

ಇನ್ನು ಯಂತ್ರದ ಪಾಡು. ಚೈನಿನ ಡೋಜರ್ ನೋಡಲು ದೈತ್ಯನಾದರೂ ಅದರ ಭಾರ ಉದ್ದನೆಯ ಎರಡು ಚೈನು ಪಟ್ಟಿಗಳ ಮೇಲೆ ಹಂಚಿಹೋಗುವುದರಿಂದ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತಲೂ ಕಡಿಮೆ. ಲಾರಿ ಹೂತುಹೋಗುವ ಕಡೆ ಡೋಜರ್ ನಡೆಯುತ್ತದೆ. ಆದರೂ ಒಂದು ಅಡ್ಡಮಳೆ ಬಿದ್ದರೆ ಎರೆ ಮಣ್ಣು ಪಟ್ಟಿಯ ಸಂದಿಗಳಲ್ಲಿ, ಸ್ಪ್ರಾಕೆಟ್ಟಿನ, ಎಂದರೆ ಚೈನು ತಿರುಗಿಸುವ ಚಕ್ರದ, ಹಲ್ಲುಗಳ ನಡುವೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಹಲ್ಲಿನ ಬುಡದಲ್ಲಿ ಎರಡು ಬೆರಳಿನಷ್ಟು ಮಣ್ಣು ಕೂತರೆ ಚೈನು ತನ್ನ ಅಳತೆಗಿಂತ ಹೆಚ್ಚು ಬಿಗಿದುಕೊಂಡು, ಅದರ ಕೊಂಡಿಗಳನ್ನು ಕೂಡಿಸುವ ಪಿನ್ನು ಬುಶ್ಶುಗಳು ಕೀರಲು ತೊಡಗುತ್ತವೆ. ಆದ್ದರಿಂದ ಸಂಜೆ ಎಂಜಿನ್ ನಿಂತ ಮೇಲೆ ಹೆಲ್ಪರಿನ ನಿಜವಾದ ಕೆಲಸ ಶುರುವಾಗುತ್ತಿತ್ತು: ಗುದ್ದಲಿ, ಸಲಿಕೆ, ಹಾರೆ ಹಿಡಿದು ಎರಡೂ ಕಡೆಯ ಮಣ್ಣು ತೆಗೆಯುವುದು. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಅದು ಇಟ್ಟಂಗಿಯಾಗಿರುತ್ತಿತ್ತು.

ಪಿನ್ನು ಬುಶ್ಶಿನ ಸವಕಳಿಗೆ ಒಂದು ಉಪಾಯವಿತ್ತು. ಬುಶ್ ಸವೆಯುವುದು ಸ್ಪ್ರಾಕೆಟ್ಟಿನ ಹಲ್ಲು ತಾಗುವ ಒಂದೇ ಮಗ್ಗುಲಿಗೆ. ಅರ್ಧ ಆಯುಷ್ಯವಾದಾಗ ಚೈನು ಬಿಚ್ಚಿ, ಪ್ರೆಸ್ಸಿಗೆ ಹಾಕಿ, ಪ್ರತಿಯೊಂದು ಪಿನ್ನನ್ನೂ ಬುಶ್ಶನ್ನೂ ಹೊರದಬ್ಬಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಚೈನಿಗೆ ಇನ್ನೊಂದು ಜನ್ಮ. ಈ ಕೆಲಸಕ್ಕೆ ಚೈನುಗಳನ್ನು ಲಾರಿಯಲ್ಲಿ ಹೇರಿಕೊಂಡು ಹುಬ್ಬಳ್ಳಿಗೆ ತರುತ್ತಿದ್ದೆವು. ರೈಲ್ವೆ ವರ್ಕ್‌ಶಾಪಿನ ದೆಸೆಯಿಂದ ಲೋಹದ ಕೆಲಸ ಬಲ್ಲ ಕೈಗಳಿಗೆ ಈ ಊರಿನಲ್ಲಿ ಎಂದೂ ಬರವಿರಲಿಲ್ಲ. ಬಿಡಿಭಾಗ ಸಿಗದಿದ್ದರೆ ಹಳೆಯದನ್ನು ಮಾದರಿ ತೋರಿಸಿದರೆ ಸಾಕು, ಮೂರು ದಿನದಲ್ಲಿ ಹೊಸದು ತಯಾರಾಗುತ್ತಿತ್ತು.

ದಂಡೆಯ ದಮ್ಮಸಿಗೆ ಕುರಿಗಾಲಿನ ರೋಲರ್, ಎಂದರೆ ಮೈತುಂಬ ಗೊರಸಿನಂಥ ಮೊಳೆಗಳಿರುವ ಉರುಳೆ, ಅದನ್ನು ಟ್ರ್ಯಾಕ್ಟರ್ ಎಳೆಯುತ್ತಿತ್ತು. ಮಣ್ಣನ್ನು ತೆಳು ಪದರವಾಗಿ ಹರವಿ, ಹದವಾಗಿ ನೀರು ಹೊಡೆದು, ಉರುಳೆಯನ್ನು ಹಾಯಿಸಿದಾಗ ಮೊದಮೊದಲು ಗೊರಸುಗಳು ಪೂರ್ತಿ ಹುಗಿದುಹೋಗುತ್ತವೆ. ಕೆಳಗಿನಿಂದ ಮಣ್ಣು ಗಟ್ಟಿಯಾದಂತೆ ಉರುಳೆ ಸುತ್ತಿಗೊಂದಿಷ್ಟು ಮೇಲೇರುತ್ತದೆ, ಕೊನೆಗೆ ಗೊರಸಿನ ತುದಿಗಳ ಮೇಲೆ ನಡೆಯುತ್ತದೆ. ಪ್ರಯೋಗಾಲಯದವರು ಮಾದರಿ ತೆಗೆದುಕೊಂಡು ಹೋಗಿ ಮರುದಿನ ಫಲಿತಾಂಶ ಹೇಳುವ ಮೊದಲೇ, ‘ಕುರಿ ಮ್ಯಾಲ ಬಂತು’ ಎಂದು ಆಪರೇಟರ್ ತೀರ್ಪು ಕೊಟ್ಟಿರುತ್ತಿದ್ದ. ಹದದ ಪರೀಕ್ಷೆಯೂ ಹಾಗೆಯೇ: ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ ಬಿಡುವುದು. ಉಂಡೆ ಒಡೆಯದೆ ಅಂಗೈಗೆ ಅಂಟಿದರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ. ರೊಟ್ಟಿಯ ಹಿಟ್ಟು ನಾದಿದ ಯಾವ ತಾಯಿಗೂ ಈ ಪರೀಕ್ಷೆ ಹೊಸದಲ್ಲ.

ಆ ಕಾಲುವೆಯ ನೀರು, ಅದರ ಕರ, 1980ರಲ್ಲಿ ನರಗುಂದ ನವಲಗುಂದದಲ್ಲಿ ನಡೆದದ್ದು, ಇವುಗಳ ಬಗ್ಗೆಯೂ ನೀವು ಕೇಳಿದ್ದೀರಿ. ಅದು ಈ ಅಂಕಣದ ಅಳವಿಗೆ ಮೀರಿದ ವಿಷಯವಾದ್ದರಿಂದ ಬಿಟ್ಟಿದ್ದೇನೆ.

ಪ್ರಶ್ನೆ: ಆ ಯಂತ್ರಗಳನ್ನು ನಡೆಸುತ್ತಿದ್ದವರು ಯಾರು? ನಮ್ಮ ಭಾಗದವರೇ ಅಥವಾ ಹೊರಗಿನವರೇ? ಅವರು ಎಲ್ಲಿ ಕಲಿತರು?
— ಓದುಗರೊಬ್ಬರು, ಗದಗ

ಉತ್ತರ: ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಯಂತ್ರದ ಬಗ್ಗೆ ಕೇಳುವವರು ಬಹಳ, ಸೀಟಿನ ಮೇಲೆ ಕೂತವನ ಬಗ್ಗೆ ಕೇಳುವವರು ಕಡಿಮೆ. ನಾವು ದಿನಾ ತುಂಬುತ್ತಿದ್ದ ಲಾಗ್ ಪುಸ್ತಕದಲ್ಲಿ ಎಂಜಿನ್ ಓಡಿದ ತಾಸು, ಕುಡಿದ ಡೀಸೆಲ್, ಹಾಕಿದ ಗ್ರೀಸ್ ಎಲ್ಲದಕ್ಕೂ ಕಾಲಂ ಇತ್ತು. ಆಪರೇಟರಿಗೆ ಇದ್ದದ್ದು ಸಹಿ ಮಾಡುವ ಒಂದು ಮೂಲೆ.

ಮೊದಲ ತಲೆಮಾರಿನವರು ಹೊರಗಿನವರು. ಭಾಕ್ರಾ ಅಣೆಕಟ್ಟಿನಲ್ಲಿ ಕಲಿತ ಪಂಜಾಬಿನವರು, ಕೊಯ್ನಾದಿಂದ ಬಂದ ಮರಾಠಿ ಮಾತಿನವರು, ತಮಿಳುನಾಡು ಮತ್ತು ಕೇರಳದವರು. ಒಂದು ಅಣೆಕಟ್ಟು ಮುಗಿದರೆ ಇನ್ನೊಂದಕ್ಕೆ ಹೋಗುವುದೇ ಅವರ ಬಾಳು. ಹೆಂಡತಿ ಮಕ್ಕಳು ಊರಿನಲ್ಲಿ, ಟ್ರಂಕು ಹಾಸಿಗೆ ಕ್ಯಾಂಪಿನಲ್ಲಿ. ನಮ್ಮ ಕ್ಯಾಂಪಿನ ಹಿರಿಯ ಸರ್ದಾರಜೀ ಸವದತ್ತಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳಿಂದ ಕನ್ನಡ ಕಲಿತಿದ್ದರು, ಹಾಗಾಗಿ ಅವರ ಕನ್ನಡದಲ್ಲಿ ಚೌಕಾಶಿಯ ಮಾತುಗಳೇ ಹೆಚ್ಚು. ನನ್ನ ತಪ್ಪು ಕಂಡಾಗಲೂ ಅವರು ಬೈಯುತ್ತಿದ್ದುದು ‘ಏ, ಇದು ಬಾಳ ಆತು, ಕಮ್ಮಿ ಮಾಡು’ ಎಂದೇ.

ಯಂತ್ರದ ಕಾಯಿಲೆಯನ್ನು ಕಿವಿಯಿಂದ ಹಿಡಿಯುವುದನ್ನು ಕಲಿಸಿದವರು ಅವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿದರೆ ಯಾವ ಸಿಲಿಂಡರಿನಲ್ಲಿ ಏನು ಬಡಿಯುತ್ತಿದೆ ಎಂಬುದು ತಿಳಿಯುತ್ತದೆ. ಹೊಗೆ ಕಪ್ಪಾದರೆ ಎಂಜಿನ್ನಿಗೆ ಶಕ್ತಿ ಮೀರಿದ ಭಾರ ಅಥವಾ ಗಾಳಿಯ ಕೊರತೆ, ನೀಲಿಯಾದರೆ ಆಯಿಲ್ ಸುಡುತ್ತಿದೆ, ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಏರ್ ಕ್ಲೀನರಿನ ಆಯಿಲ್ ಬಟ್ಟಲನ್ನು ಪಾಳಿಗೊಮ್ಮೆ ತೊಳೆಯದ ಹೆಲ್ಪರನ್ನು ಅವರು ತಮ್ಮ ಯಂತ್ರದ ಬಳಿ ಬರಗೊಡುತ್ತಿರಲಿಲ್ಲ, ಏಕೆಂದರೆ ನಮ್ಮ ಎರೆಯ ಧೂಳು ಒಳಹೊಕ್ಕರೆ ಪಿಸ್ಟನ್ ರಿಂಗುಗಳನ್ನು ಸಾಣೆ ಹಿಡಿದಂತೆ ತಿನ್ನುತ್ತದೆ.

ನಮ್ಮ ಭಾಗದವರು ಬಂದದ್ದು ಅವರ ಕೈಕೆಳಗೆ, ಹೆಲ್ಪರುಗಳಾಗಿ. ಅವರಲ್ಲಿ ರೋಣದ ಕಡೆಯ ಒಬ್ಬ ಒಕ್ಕಲುತನದ ಮನೆಯವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಬರಗಾಲಕ್ಕೆ ಎತ್ತು ಮಾರಿ ಕೂಲಿಗೆ ಬಂದಿದ್ದ ಕಾಕಾ ಆರು ವರ್ಷ ಗ್ರೀಸ್ ಹೊಡೆದು, ಸರ್ದಾರಜೀ ಊಟಕ್ಕೆ ಇಳಿದಾಗ ಯಂತ್ರ ನಡೆಸಿ ಕಲಿತು, ಕೊನೆಗೆ ಸಮತಟ್ಟಿನ ಕೆಲಸದಲ್ಲಿ ಸರ್ದಾರಜೀಯವರನ್ನೇ ಮೀರಿಸಿದರು. ಒರಟು ಕಡಿತದಲ್ಲಿ ಪಂಜಾಬಿನವರ ಸಮಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಆದರೆ ಕಾಲುವೆಯ ತಳವನ್ನು ಗೂಟದ ಗುರುತಿಗೆ ಸರಿಯಾಗಿ ಒಂದಿಂಚಿನ ಒಳಗೆ ತರುವ ಕೊನೆಯ ಕೈಗೆ ಎಂಜಿನಿಯರರು ಕಾಕಾ ಅವರನ್ನೇ ಕರೆಯುತ್ತಿದ್ದರು. ಅದು ಹೇಗೆಂದು ನಾನು ಕೇಳಿದೆ. ‘ಇದೇನ ಹೊಸಾದೇನೋ? ಇದು ಹತ್ತು ಟನ್ನಿನ ಕುಂಟಿ. ಕುಂಟಿ ಮ್ಯಾಲ ಕಾಲ ಎಷ್ಟ ಒತ್ತಬೇಕು ಅನ್ನೂದು ಎತ್ತಿನ ಹೆಜ್ಜಿ ಹೇಳ್ತೈತಿ, ಇಲ್ಲಿ ಎಂಜಿನ್ ಹೇಳ್ತೈತಿ’ ಎಂದರು.

ಆ ಮಾತನ್ನು ನಾನು ಎಷ್ಟೋ ವರ್ಷ ತಮಾಷೆ ಎಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಕುಂಟೆ ಹೊಡೆಯುವವನು ಅಲಗು ನೆಲದೊಳಗೆ ಎಷ್ಟು ಇಳಿದಿದೆ ಎಂಬುದನ್ನು ಕಣ್ಣಿನಿಂದ ನೋಡುವುದಿಲ್ಲ. ಮೇಳಿಯ ನಡುಕದಿಂದ, ಎತ್ತುಗಳ ಹೆಗಲಿನ ಬಿಗಿತದಿಂದ ಅರಿಯುತ್ತಾನೆ. ಡೋಜರಿನ ಸೀಟಿನಿಂದಲೂ ಬ್ಲೇಡಿನ ಕೆಳ ಅಂಚು ಕಾಣುವುದಿಲ್ಲ. ಬ್ಲೇಡ್ ಹೆಚ್ಚು ಕಚ್ಚಿದಾಗ ಎಂಜಿನ್ನಿನ ಧ್ವನಿ ತಗ್ಗುವ ಮೊದಲೇ ಸೀಟಿನ ಕೆಳಗೆ ಒಂದು ಬಗೆಯ ಜಗ್ಗು ತಿಳಿಯುತ್ತದೆ, ಆ ಜಗ್ಗನ್ನು ಕಾಯುವವನೇ ಆಪರೇಟರ್. ಧ್ವನಿ ತಗ್ಗಿದ ಮೇಲೆ ಲಿವರ್ ಎಳೆಯುವವನು ನೆಲವನ್ನು ಅಲೆಅಲೆಯಾಗಿ ಬಿಟ್ಟುಹೋಗುತ್ತಾನೆ. ಲಾರಿ ನಡೆಸಿ ಬಂದ ಹುಡುಗರಿಗಿಂತ ಕುಂಟೆ ಹೊಡೆದು ಬಂದ ಹುಡುಗರು ಇದನ್ನು ಬೇಗ ಕಲಿತದ್ದನ್ನು ನಾನು ಒಂದಲ್ಲ, ಹತ್ತಾರು ಸಲ ಕಂಡಿದ್ದೇನೆ. ಎರೆ ಎಲ್ಲಿ ಮುಗಿದು ಕೆಳಗಿನ ಸುಣ್ಣದ ಹರಳಿನ ಪದರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಹಳೆಯ ಹಳ್ಳ ಮುಚ್ಚಿಹೋಗಿ ಮೆತ್ತಗಿದೆ ಎಂಬುದು ನಕ್ಷೆಯಲ್ಲಿ ಇಲ್ಲದಿದ್ದರೂ ಅವರಿಗೆ ಗೊತ್ತಿರುತ್ತಿತ್ತು.

ಒಕ್ಕಲಿಗರಷ್ಟೇ ಅಲ್ಲ. ತಲೆತಲಾಂತರದಿಂದ ಕೆರೆ ಕಟ್ಟೆಗಳ ಮಣ್ಣು ಹೊತ್ತ ಭೋವಿ ಜನರ ಕುಟುಂಬಗಳು ಅದೇ ಕಾಲುವೆಯ ಮೇಲೆ ಕತ್ತೆ, ಬುಟ್ಟಿ, ಸಲಿಕೆಗಳೊಂದಿಗೆ ದುಡಿಯುತ್ತಿದ್ದವು. ಅವರ ಕೂಲಿ ಬ್ರಾಸಿನ ಲೆಕ್ಕದಲ್ಲಿ, ಎಂದರೆ ನೂರು ಘನ ಅಡಿಗೆ ಇಷ್ಟು ಎಂದು. ತೆಗೆದ ಗುಂಡಿಯ ನಡುವೆ ಅಳತೆಗಾಗಿ ಬಿಟ್ಟ ಮಣ್ಣಿನ ದಿಬ್ಬವೇ ಅವರ ಸಾಕ್ಷಿ. ನಮ್ಮ ಡೋಜರ್ ಒಮ್ಮೆ ಅಜಾಗರೂಕತೆಯಿಂದ ಅಂಥ ಎರಡು ದಿಬ್ಬಗಳನ್ನು ಸವರಿಕೊಂಡು ಹೋಗಿ, ಎರಡು ವಾರದ ಕೂಲಿಯ ಲೆಕ್ಕವೇ ಅಳಿಸಿತು. ಗುತ್ತಿಗೆದಾರರ ಗುಮಾಸ್ತರು ತಮಗೆ ಬೇಕಾದಷ್ಟು ಆಳ ಬರೆದುಕೊಂಡರು. ಕಾಕಾ ತಮ್ಮ ಯಂತ್ರ ನಿಲ್ಲಿಸಿ ಇಳಿದು, ಗುಂಡಿಯ ಆಳಕ್ಕೆ ತಾವು ಸಾಕ್ಷಿ ಎಂದು ಹೇಳಿದ ಮೇಲೆ ಅರ್ಧದಷ್ಟಾದರೂ ಸಿಕ್ಕಿತು. ಯಂತ್ರಗಳು ಹೆಚ್ಚಿದಂತೆ ಆ ಕುಟುಂಬಗಳು ಕಾಲುವೆಯಿಂದ ಕಾಣೆಯಾದವು. ಅವರಲ್ಲಿ ಕೆಲವರ ಮಕ್ಕಳು ಆಮೇಲೆ ಒಳ್ಳೆಯ ಆಪರೇಟರುಗಳಾದರು.

ಅಪಾಯದ ಒಂದು ಸಂಗತಿಯನ್ನೂ ಇಲ್ಲಿ ಸೇರಿಸುತ್ತೇನೆ, ಹಳೆಯ ಯಂತ್ರ ನಡೆಸುವವರು ಇಂದಿಗೂ ಅಲ್ಲಲ್ಲಿ ಇರುವುದರಿಂದ. ಚೈನಿನ ಯಂತ್ರದಲ್ಲಿ ಎಡಗಡೆಯ ಲಿವರ್ ಎಳೆದರೆ ಎಡ ಚೈನಿಗೆ ಎಂಜಿನ್ನಿನ ನಂಟು ತಪ್ಪುತ್ತದೆ. ಬಲ ಚೈನು ತಳ್ಳುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ. ಇದು ಸಮನೆಲದ ಮಾತು. ಇಳಿಜಾರಿನಲ್ಲಿ ಯಂತ್ರ ತನ್ನ ಭಾರಕ್ಕೇ ಜಾರುತ್ತಿದ್ದು ಎಂಜಿನ್ ಅದನ್ನು ಹಿಡಿದು ನಿಲ್ಲಿಸುತ್ತಿರುವಾಗ ಅದೇ ಎಡ ಲಿವರ್ ಎಳೆದರೆ, ನಂಟು ತಪ್ಪಿದ ಎಡ ಚೈನು ಸ್ವತಂತ್ರವಾಗಿ ಮುಂದೋಡುತ್ತದೆ, ಬಲ ಚೈನು ಹಿಡಿತದಲ್ಲಿಯೇ ಉಳಿಯುತ್ತದೆ, ಯಂತ್ರ ಬಲಕ್ಕೆ ಹೊರಳುತ್ತದೆ. ಹೊಸದಾಗಿ ಬಡ್ತಿ ಪಡೆದ ಒಬ್ಬ ಹುಡುಗ ದಂಡೆಯಿಂದ ಇಳಿಯುವಾಗ ಇದನ್ನು ಮರೆತ. ಯಂತ್ರ ತಾನು ಬಯಸಿದ ದಿಕ್ಕಿಗೆ ತಿರುಗಲಿಲ್ಲವೆಂದು ಲಿವರನ್ನು ಇನ್ನಷ್ಟು ಎಳೆದ. ಡೋಜರ್ ಅಡ್ಡಲಾಗಿ ಕಾಲುವೆಯೊಳಗೆ ಉರುಳಿತು. ಹುಡುಗ ಹಾರಿಕೊಂಡು ಉಳಿದ. ಯಂತ್ರವನ್ನು ಎತ್ತಲು ಮೂರು ದಿನ ಹಿಡಿಯಿತು. ಸರ್ದಾರಜೀ ಅವನಿಗೆ ಒಂದು ಮಾತೂ ಆಡದೆ, ಮರುದಿನ ಅದೇ ಇಳಿಜಾರಿನಲ್ಲಿ ತಮ್ಮ ಯಂತ್ರದ ಸೀಟಿನ ಮೇಲೆ ಅವನನ್ನು ಕೂರಿಸಿ, ತಾವು ಪಕ್ಕದ ಫೆಂಡರಿನ ಮೇಲೆ ಕುಳಿತು, ಹತ್ತು ಸಲ ಇಳಿಸಿದರು.

ಪ್ರಶ್ನೆ: ಊರಿನಲ್ಲಿ ಎಲ್ಲ ಯಂತ್ರಕ್ಕೂ ಜೆಸಿಬಿ ಎನ್ನುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಜೆಸಿಬಿ ಎಂಬುದು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನವರ ಹೆಸರಿನ ಮೂರು ಅಕ್ಷರ, 1945ರಲ್ಲಿ ಅವರು ಆರಂಭಿಸಿದ ಕಂಪನಿ 1979ರಲ್ಲಿ ಭಾರತಕ್ಕೆ ಬಂದಿತು. ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಇರುವ ಗಾಲಿಯ ಯಂತ್ರಕ್ಕೆ ಆ ಹೆಸರು ನಿಂತಿತು. ಚೈನಿನ ಮೇಲೆ ಪೂರ್ತಿ ಸುತ್ತು ತಿರುಗುವ ಯಂತ್ರ ಯಾವ ಕಂಪನಿಯದೇ ಇರಲಿ, ನಮ್ಮವರು ಅದನ್ನು ಹಿಟಾಚಿ ಎನ್ನುತ್ತಾರೆ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿಯೇ ಇರುವುದರಿಂದ ಈ ರೂಢಿಯನ್ನು ನಾನು ತಿದ್ದಲು ಹೋಗುವುದಿಲ್ಲ. ನಮ್ಮ ಕಾಲದಲ್ಲಿ ಮಣ್ಣಿನ ಯಂತ್ರ ಯಾವುದೇ ಆದರೂ ‘ಬುಲ್ಡೋಜರ’ ಆಗಿತ್ತು, ರಸ್ತೆ ರೋಲರ್ ಒಂದನ್ನು ಬಿಟ್ಟು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಕೆಜಿಎಫ್‌ನಲ್ಲಿ ಜಪಾನಿನ ಕೊಮಾಟ್ಸು ತಂತ್ರಜ್ಞಾನದಿಂದ ತಯಾರಿಸಿದ ಡಿ-80 ಡೋಜರುಗಳು ಬಂದಾಗ ಮಾತ್ರ ಆಪರೇಟರುಗಳು ಹೆಮ್ಮೆಯಿಂದ ‘ನಮ್ಮ ಕೋಲಾರದ್ದು’ ಎಂದು ಬೇರೆಯಾಗಿ ಹೇಳುತ್ತಿದ್ದರು.

ಪ್ರಶ್ನೆ: ನಮ್ಮ ಹೊಲದ ಅಂಚಿನಲ್ಲಿ ಅಜ್ಜನವರ ಕಾಲದ ಚೈನಿನ ಡೋಜರ್ ಮೂವತ್ತು ವರ್ಷದಿಂದ ನಿಂತಿದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಮಾರುವುದೋ ಬೇಡವೋ? ಅದನ್ನು ನಡೆಸುತ್ತಿದ್ದ ಹಿರಿಯರು ಇನ್ನೂ ಊರಿನಲ್ಲಿದ್ದಾರೆ.
— ಓದುಗರೊಬ್ಬರು, ಮುಂಡರಗಿ

ಉತ್ತರ: ನಿರ್ಧರಿಸುವ ಮೊದಲು ಅದು ಏನೆಂದು ತಿಳಿದುಕೊಳ್ಳಿ. ಎಂಜಿನ್ನಿನ ಮಗ್ಗುಲಿನಲ್ಲಿ ಅಥವಾ ಹಿಂಭಾಗದ ಪೆಟ್ಟಿಗೆಯ ಮೇಲೆ ಲೋಹದ ತಗಡು ಇರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಬ್ಬಿಣದ ಬ್ರಶ್ ಮುಟ್ಟಿಸಬೇಡಿ. ಕ್ಯಾಟರ್‌ಪಿಲ್ಲರ್ ಆಗಿದ್ದರೆ ಸಂಖ್ಯೆಯ ಮೊದಲ ಅಂಕಿ-ಅಕ್ಷರಗಳೇ ಮಾದರಿಯನ್ನು ಹೇಳುತ್ತವೆ: 7ಯು ಎಂದರೆ ಡಿ-4, 9ಯು ಎಂದರೆ ಎರಡು ಚೈನುಗಳ ನಡುವಿನ ಅಂತರ ಅಗಲವಾಗಿರುವ ಡಿ-6, 17ಎ ಎಂದರೆ ಡಿ-7, 46ಎ ಎಂದರೆ ಡಿ-8ಎಚ್. ಹಳೆಯ ಯಂತ್ರಗಳನ್ನು ಉಳಿಸಿಕೊಳ್ಳುವ ಆಸಕ್ತರು ಈಗ ನಮ್ಮ ದೇಶದಲ್ಲಿಯೂ ಇದ್ದಾರೆ, ಅವರು ಕೊಡುವ ಬೆಲೆ ತೂಕದ ಬೆಲೆಗಿಂತ ಬೇರೆ.

ಎಂಜಿನ್ ತಿರುಗುವುದೋ ಎಂದು ಹಾರೆ ಹಾಕಿ ಎಬ್ಬುವ ಆತುರ ಬೇಡ. ಮೊದಲು ಕೆಳಗಿನ ಆಯಿಲ್ ತುಸು ಇಳಿಸಿ ನೋಡಿ. ಮುಂಚೆ ನೀರು ಬಂದರೆ ಒಳಗೆ ತುಕ್ಕು ಹಿಡಿದಿದೆ ಎಂದು ತಿಳಿಯಿರಿ. ಇಂಜೆಕ್ಟರುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ತೆಳು ಆಯಿಲನ್ನು ಸಮಪಾಲಿನಲ್ಲಿ ಹೊಯ್ದು ಒಂದು ವಾರವಾದರೂ ಬಿಡಿ. ಹೊಗೆ ಕೊಳವೆಯ ಬಾಯಿಗೆ ಇಷ್ಟು ವರ್ಷ ಯಾರೂ ಡಬ್ಬಿ ಮುಚ್ಚಿರದಿದ್ದರೆ ಮಳೆಯ ನೀರು ಇಳಿದು ಒಂದೆರಡು ಪಿಸ್ಟನ್ ಕಚ್ಚಿರುವುದು ಸಹಜ. ಹಾಗಿದ್ದರೆ ಹೆಡ್ ಬಿಚ್ಚದೆ ದಾರಿಯಿಲ್ಲ. ಪಕ್ಕದಲ್ಲಿ ‘ಸಣ್ಣದು’ ಇದ್ದರೆ ಅದರ ಮ್ಯಾಗ್ನೆಟೊ ಮತ್ತು ಕಾರ್ಬ್ಯುರೇಟರನ್ನು ಕಳಚಿ ಈ ವಾರವೇ ಮನೆಯೊಳಗೆ ಇಡಿ, ಹಿತ್ತಾಳೆ ತಾಮ್ರದ ಆಸೆಗೆ ರಾತ್ರಿ ಬರುವವರು ಮೊದಲು ಕೈಹಾಕುವುದು ಅವಕ್ಕೇ.

ಇದೆಲ್ಲಕ್ಕೂ ಮುಂಚೆ ಆ ಹಿರಿಯರನ್ನು ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ, ಏರಲು ಕೈಕೊಟ್ಟು, ಸೀಟಿನ ಮೇಲೆ ಕೂರಿಸಿ. ಯಾವ ಲಿವರ್ ಯಾವ ಕಡೆ ತಳ್ಳಿದರೆ ಕಂಪ್ರೆಶನ್ ಬಿಡುತ್ತದೆ ಎಂದು ಬಾಯಿಯಿಂದ ಕೇಳಿದರೆ ಅವರಿಗೆ ನೆನಪಾಗಲಿಕ್ಕಿಲ್ಲ. ಸುಮ್ಮನೆ ಅವರ ಕೈ ನೋಡುತ್ತಿರಿ, ಅದು ಹೋಗುವ ಕಡೆಯನ್ನು ಬರೆದುಕೊಳ್ಳಿ, ಮತ್ತು ತಗಡಿನ ಸಂಖ್ಯೆಯ ಜೊತೆಗೆ ಅದನ್ನೂ ನನಗೆ ಕಳಿಸಿ.